ಮನಸ್ಸಿನ ಕಡತ ಯಾರ ಕೈಯಲ್ಲಿರಬೇಕು?

ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸುವ ಗಡಿಬಿಡಿಯಲ್ಲಿ, ನಾನು ಹೋಗುತ್ತಿದ್ದ ಥೆರಪಿ ಕ್ಲಿನಿಕ್ಕಿನಿಂದ ನನ್ನ ದಾಖಲೆಗಳನ್ನು ತರಿಸಿಕೊಳ್ಳಲು ನನ್ನ ಪರವಾಗಿ ಹೆಂಡತಿ ಫೋನ್ ಮಾಡಿದ್ದಳು. ಅತ್ತಲಿನವರು ಸೌಜನ್ಯದಿಂದಲೇ, ಆ ಹೆಸರಿನವರು ತಮ್ಮಲ್ಲಿಗೆ ಬರುತ್ತಾರೆಯೇ ಇಲ್ಲವೇ ಎಂಬುದನ್ನು ಸಹ ಹೇಳಲಾಗದು ಎಂದರು. ಕಟ್ಟಿಕೊಂಡ ಹೆಂಡತಿಗೇ ಹೀಗೆನ್ನುವುದೇ ಎಂದು ಅವಳಿಗೆ ಬೇಸರವಾಯಿತು. ನನಗೆ ಮಾತ್ರ ಆ ಉತ್ತರ ಕೇಳಿ ನೆಮ್ಮದಿಯೆನಿಸಿತು.

ಏಕೆಂದರೆ ಊರಿನಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ನಾನು ಕಂಡಿದ್ದೇನೆ. ನನ್ನ ದೊಡ್ಡಪ್ಪನ ಮಗ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದಾಗ, ರಿಪೋರ್ಟು ತರುತ್ತೇನೆಂದು ಹೋದ ಸೋದರಮಾವನ ಕೈಗೆ ಕೌಂಟರಿನಲ್ಲಿದ್ದವರು ಇಡೀ ಫೈಲನ್ನೇ ಕೊಟ್ಟು ಕಳಿಸಿದರು. ಅವನು ವೈದ್ಯರೊಬ್ಬರಿಗೆ ಮಾತ್ರ ಹೇಳಿಕೊಂಡಿದ್ದ ಮಾತುಗಳು ಮನೆಯ ಹಿರಿಯರ ನಡುವೆ ಚರ್ಚೆಗೆ ಬಂದವು, ನಡೆಯುತ್ತಿದ್ದ ಸಂಬಂಧದ ಮಾತುಕತೆ ನಿಂತಿತು, ಅವನು ಚಿಕಿತ್ಸೆಯನ್ನೇ ಬಿಟ್ಟ. ಫೈಲು ಕೊಟ್ಟವರಿಗಾಗಲಿ, ತಂದವರಿಗಾಗಲಿ ಕೆಟ್ಟ ಉದ್ದೇಶವಿರಲಿಲ್ಲ. ಮನೆಯವರು ಕೇಳಿದರೆ ಕೊಡಬೇಕಾದದ್ದೇ ಎಂದು ಎಲ್ಲರೂ ಪ್ರಾಮಾಣಿಕವಾಗಿ ನಂಬಿದ್ದರು. ನನ್ನ ತಕರಾರು ಇರುವುದು ಆ ನಂಬಿಕೆಯ ಮೇಲೆ.

ಅಮೆರಿಕದಲ್ಲಿ ಹಿಪಾ ಎಂದು ಎಲ್ಲರೂ ಕರೆಯುವ 1996ರ ಕಾನೂನಿನ ಅಡಿಯಲ್ಲಿ ಬಂದ ನಿಯಮಗಳು ಈ ವಿಷಯವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಇತ್ಯರ್ಥಪಡಿಸಿವೆ. ನನ್ನ ದಾಖಲೆಯನ್ನು ನಾನು ಕೇಳಿದರೆ ಕ್ಲಿನಿಕ್ಕು 30 ದಿನಗಳೊಳಗೆ ಕೊಡಬೇಕು. ತಡವಾಗುವುದಾದರೆ ಕಾರಣವನ್ನು ಬರೆದು ತಿಳಿಸಿ ಒಂದೇ ಒಂದು ಬಾರಿ ಇನ್ನೂ 30 ದಿನ ತೆಗೆದುಕೊಳ್ಳಬಹುದು. ಏಕೆ ಬೇಕು ಎಂದು ನಾನು ವಿವರಣೆ ಕೊಡಬೇಕಾಗಿಲ್ಲ, ಚಿಕಿತ್ಸೆಯ ಬಿಲ್ಲು ಬಾಕಿಯಿದೆ ಎಂಬ ನೆಪದಲ್ಲಿ ಅವರು ತಡೆಹಿಡಿಯುವಂತಿಲ್ಲ. ನಾನು ಅರ್ಜಿಗೆ ಸಹಿ ಹಾಕಿ, ಗುರುತಿನ ಚೀಟಿ ತೋರಿಸಿದ ಮೇಲೆ ರೋಗನಿರ್ಣಯ, ಔಷಧಿಗಳು, ಭೇಟಿಯ ದಿನಾಂಕಗಳು, ಚಿಕಿತ್ಸೆಯ ಯೋಜನೆ, ಸುಧಾರಣೆಯ ವಿವರ ಎಲ್ಲವೂ ಬಂದವು.

ಬಾರದೆ ಉಳಿದದ್ದು ಒಂದಿದೆ. ಥೆರಪಿಸ್ಟ್ ಮಾತುಕತೆಯನ್ನು ವಿಶ್ಲೇಷಿಸಿ, ಮುಖ್ಯ ಕಡತದಿಂದ ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವ ಖಾಸಗಿ ಟಿಪ್ಪಣಿಗಳನ್ನು ನೋಡುವ ಹಕ್ಕನ್ನು ಈ ನಿಯಮಗಳು ರೋಗಿಗೂ ಕೊಡುವುದಿಲ್ಲ. ಅವನ್ನು ಬೇರೆಯವರಿಗೆ ಕೊಡಬೇಕಾದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಅದಕ್ಕೆಂದೇ ರೋಗಿಯ ಪ್ರತ್ಯೇಕ ಒಪ್ಪಿಗೆ ಬೇಕು. ಮೊದಲು ಇದು ನನಗೆ ಅನ್ಯಾಯವೆನಿಸಿತ್ತು, ನನ್ನ ಬಗ್ಗೆ ಬರೆದದ್ದು ನನಗೇಕೆ ಸಿಗಬಾರದು ಎಂದು. ಈಗ ಹಾಗನ್ನಿಸುವುದಿಲ್ಲ. ಯಾರೋ ಓದುತ್ತಾರೆಂಬ ಅಳುಕಿಲ್ಲದೆ ತಮ್ಮ ಊಹೆಗಳನ್ನೂ ಸಂಶಯಗಳನ್ನೂ ಬರೆದುಕೊಳ್ಳಬಲ್ಲವರ ಮುಂದೆಯೇ ನಾನೂ ಅಳುಕಿಲ್ಲದೆ ಮಾತನಾಡಬಲ್ಲೆ. ಅದೇ 1996ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಜಾಫಿ ವಿರುದ್ಧ ರೆಡ್ಮಂಡ್ ಪ್ರಕರಣದಲ್ಲಿ, ಪೊಲೀಸ್ ಅಧಿಕಾರಿಯೊಬ್ಬರು ಗುಂಡು ಹಾರಿಸಿ ಒಬ್ಬರ ಸಾವಿಗೆ ಕಾರಣವಾದ ಬಳಿಕ ತಮ್ಮ ಆಪ್ತಸಮಾಲೋಚಕರೊಂದಿಗೆ ಆಡಿದ ಮಾತುಗಳನ್ನು ಹೊರಗೆಳೆಯಲು ಒಪ್ಪದೆ, ಈ ವಿಶ್ವಾಸಕ್ಕೆ ರಕ್ಷಣೆ ಕೊಟ್ಟಿತು.

ನಮ್ಮಲ್ಲಿ ಕಾನೂನಿನ ಕೊರತೆಯಿದೆ ಎಂದು ಯಾರೂ ಹೇಳುವಂತಿಲ್ಲ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನೂ, 25ನೇ ಸೆಕ್ಷನ್ ತನ್ನ ಪ್ರಾಥಮಿಕ ವೈದ್ಯಕೀಯ ದಾಖಲೆಗಳನ್ನು ಪಡೆಯುವ ರೋಗಿಯ ಹಕ್ಕನ್ನೂ ಸ್ಪಷ್ಟವಾಗಿ ಹೇಳುತ್ತವೆ. ಏನನ್ನಾದರೂ ತಡೆಹಿಡಿದರೆ, ಅದರ ವಿರುದ್ಧ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬಹುದೆಂದು ರೋಗಿಗೆ ತಿಳಿಸಬೇಕು. ಇಷ್ಟೆಲ್ಲ ಇದ್ದೂ, ನಾನು ಕಂಡಂತೆ, ನಮ್ಮಲ್ಲಿ ಫೈಲು ಕೇಳಿದವನ ವಯಸ್ಸು ಮತ್ತು ದನಿಯನ್ನು ನೋಡಿ ಕೈ ಬದಲಾಗುತ್ತದೆ.

ಆದರೂ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಚಿಕ್ಕಮ್ಮ ಕಾಯಿಲೆ ಬಿದ್ದಾಗ ನಿದ್ದೆ ಬಂತೇ, ಮಾತ್ರೆ ನುಂಗಿದರೇ ಎಂದು ವೈದ್ಯರು ಕೇಳುತ್ತಿದ್ದದ್ದು ಪಕ್ಕದಲ್ಲಿ ಕುಳಿತಿದ್ದ ಅವರ ಮಗಳನ್ನು, ಅವರು ಚೇತರಿಸಿಕೊಂಡದ್ದರಲ್ಲಿ ಆ ಮಗಳ ಪಾಲು ದೊಡ್ಡದು. ಅಮೆರಿಕದಲ್ಲಿ ಮಕ್ಕಳಿಗೆ 18 ತುಂಬಿದ ಮೇಲೆ ಏನೊಂದೂ ತಿಳಿಯದೆ ಒದ್ದಾಡುವ ತಂದೆತಾಯಿಯರನ್ನು ನಾನು ಬಲ್ಲೆ. ರೋಗಿಯ ಆಕ್ಷೇಪವಿಲ್ಲದಿದ್ದರೆ ಆರೈಕೆಯಲ್ಲಿ ತೊಡಗಿರುವ ಮನೆಯವರೊಂದಿಗೆ ಮಾತನಾಡಲು ಅಲ್ಲಿನ ನಿಯಮಗಳೇ ಅವಕಾಶ ಕೊಡುತ್ತವೆ, ಮನೆಯವರು ಹೇಳುವುದನ್ನು ಕೇಳಿಸಿಕೊಳ್ಳಲಂತೂ ಯಾವ ಅಡ್ಡಿಯೂ ಇಲ್ಲ. ಆದರೆ ಅಂಜಿಕೆಯಿಂದ ಎಷ್ಟೋ ಕ್ಲಿನಿಕ್ಕುಗಳು ಬಾಗಿಲನ್ನೇ ಮುಚ್ಚಿಬಿಡುತ್ತವೆ. ನಮ್ಮ ಕಾಯ್ದೆಯಾದರೋ, ರೋಗಿ ತನಗೆ ಬೇಕಾದವರೊಬ್ಬರನ್ನು ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ಪ್ರತಿನಿಧಿಯಾಗಿ ನೇಮಿಸಬಹುದು, ಬೇಡವೆನಿಸಿದಾಗ ಬದಲಿಸಬಹುದು, ಆ ಪ್ರತಿನಿಧಿ ಚಿಕಿತ್ಸೆಯ ವಿವರವನ್ನು ಕೇಳಬಹುದು ಎನ್ನುತ್ತದೆ. ಮನೆಯವರನ್ನು ಹೊರಗಿಡದೆ, ಯಾರು ಒಳಗೆ ಬರಬೇಕೆಂಬ ಆಯ್ಕೆಯನ್ನು ರೋಗಿಗೇ ಬಿಡುವ ಈ ಏರ್ಪಾಡು, ನಾನು ಇಷ್ಟು ಮೆಚ್ಚಿಕೊಂಡ ಅಮೆರಿಕದ ಪದ್ಧತಿಗಿಂತ ಮನುಷ್ಯರನ್ನು ಹೆಚ್ಚು ಅರಿತದ್ದು.