ಕಥೆ ಪುಸ್ತಕ ಬಿಡು, ಓದ್ಕೋ ಹೋಗು!

ಮೂರನೇ ಕ್ಲಾಸಿನ ಹುಡುಗಿ ಮಂಚದ ಮೂಲೆಯಲ್ಲಿ ಕಾಲು ಮಡಚಿ ಕೂತು ಕಥೆ ಪುಸ್ತಕದೊಳಗೆ ಮುಳುಗಿದ್ದಾಳೆ. ಅಡುಗೆಮನೆಯಿಂದ ಅಮ್ಮನ ಕೂಗು: ‘ಆ ಕಥೆ ಪುಸ್ತಕ ಆಚೆ ಇಟ್ಟು ಓದ್ಕೋ ಹೋಗೇ!’ ಓದುತ್ತಿದ್ದ ಹುಡುಗಿ ಓದುವುದನ್ನು ನಿಲ್ಲಿಸಿ ಓದಲು ಹೋಗುತ್ತಾಳೆ. ಸೋಫಾದಲ್ಲಿ ರೀಲ್ಸ್ ಸರಿಸುತ್ತಿದ್ದ ಅಪ್ಪ ತಲೆ ಎತ್ತದೆ ಹೇಳುತ್ತಾನೆ: ‘ಈಗಿನ ಮಕ್ಕಳಿಗೆ ಓದೋ ಅಭ್ಯಾಸವೇ ಇಲ್ಲ ಕಣೆ.’ ಪುಸ್ತಕಕ್ಕೆ ದುಡ್ಡು ಕೊಡುವುದಿಲ್ಲ ಎಂದು ಮಾತ್ರ ಅವನನ್ನು ದೂರಬೇಡಿ. ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತಾನೆ. ಗ್ರಂಥಾಲಯ ಎಲ್ಲಿದೆ ಅಂತ ಕೇಳಬಾರದು, ಅಷ್ಟೆ.

ಶಾಲೆ ಹಾಗಲ್ಲ. ಅಲ್ಲಿ ‘ಪುಸ್ತಕವೇ ಗೆಳೆಯ’ ಅಂತ ಗೋಡೆಯ ಮೇಲೇ ಬರೆದಿದೆ. ಗೆಳೆಯ ಮಾತ್ರ ಕಬ್ಬಿಣದ ಬೀರುವಿನೊಳಗೆ. ಬೀಗದ ಕೈ ಹೆಡ್‌ಮಾಸ್ತರ ಬಳಿ, ಹೆಡ್‌ಮಾಸ್ತರು ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಮೀಟಿಂಗಿನಲ್ಲಿ. ಮೀಟಿಂಗ್ ಯಾವುದರ ಬಗ್ಗೆ? ಮಕ್ಕಳಲ್ಲಿ ಓದಿನ ಹವ್ಯಾಸ ಬೆಳೆಸುವ ಬಗ್ಗೆ. ಅವರದೂ ತಪ್ಪಲ್ಲ ಬಿಡಿ. ಸ್ಟಾಕ್ ರಿಜಿಸ್ಟರಿನಲ್ಲಿ ‘ಹರಿದಿದೆ’ ಎಂದು ಬರೆಯಲು ಕೈ ನಡುಗುತ್ತದೆ. ‘ಯಾರೂ ಮುಟ್ಟಿಲ್ಲ’ ಎಂದು ಬರೆಯುವ ಕಾಲಂ ಇಲ್ಲವೇ ಇಲ್ಲ.

ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಮೊದಲನೆಯದು, ಪುಸ್ತಕ ಇರುವುದು ಬಳಸಲಿಕ್ಕೆ. ಹಳೆಯ ಕಾಲದ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಟ್ಟಿಡುತ್ತಿದ್ದರಂತೆ. ಪುಣ್ಯವಂತರು! ಸರಪಳಿ ಇದ್ದರೂ ಪುಟ ತಿರುಗಿಸಬಹುದಿತ್ತು.

ವರ್ಷಕ್ಕೊಮ್ಮೆ ಬೀರು ತೆರೆಯುವುದೂ ಉಂಟು. ನವೆಂಬರ್ 14, ಮಕ್ಕಳ ದಿನ. ಗ್ರಂಥಾಲಯ ಸಪ್ತಾಹ ಶುರುವಾಗುವುದೂ ಅಂದೇ. ಜಾಥಾ ಆಯಿತು, ಪ್ರತಿಜ್ಞೆ ಆಯಿತು, ಅತಿಥಿಗಳು ಮುಕ್ಕಾಲು ಗಂಟೆ ಮೊಬೈಲಿನ ಕೆಡುಕು ಕುರಿತು ಮಾತಾಡಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಾಯಿತು. ಆಮೇಲೆ ಫೋಟೊಗೆಂದು ಮಕ್ಕಳ ಕೈಗೆ ಒಂದೊಂದು ಪುಸ್ತಕ. ಎರಡನೇ ಸಾಲಿನ ಹುಡುಗನೊಬ್ಬ ಎಡವಟ್ಟು ಮಾಡಿಬಿಟ್ಟ. ನಿಜವಾಗಿಯೂ ಓದತೊಡಗಿದ! ‘ಏಯ್, ಪುಸ್ತಕ ಯಾಕೋ ನೋಡ್ತೀಯ? ಇಲ್ಲಿ ಕ್ಯಾಮೆರಾ ನೋಡೋ!’ ಮೂರು ಸಲ ತೆಗೆದರೂ ಫೋಟೊ ಕೆಟ್ಟಿತು.

ಪುಸ್ತಕಗಳನ್ನು ಎಣಿಸಿ ಬೀರುವಿಗೆ ತುಂಬುವಾಗ ಆ ಹುಡುಗ ಹಿಂದೆ ಹಿಂದೆಯೇ ಬಂದ.

‘ಸಾ, ಆ ನರಿ ಬಾವಿಗೆ ಬಿತ್ತಲ್ಲ, ಆಮೇಲೆ ಏನಾಯ್ತು?’

‘ಮುಂದಿನ ನವೆಂಬರಿಗೆ ಗೊತ್ತಾಗುತ್ತೆ. ಹೋಗು, ಓದ್ಕೋ.’