ಮುಧೋಳವೋ ಲ್ಯಾಬ್ರಡಾರೋ, ಚೈನಂತೂ ಬಂತು

ತುಳಸಿಕಟ್ಟೆಯ ಹಿತ್ತಾಳೆ ದೀಪ ರಾತ್ರೋರಾತ್ರಿ ಮಾಯವಾದ ಮೇಲೆ, ನಾಯಿ ಸಾಕಲೇಬೇಕು ಅನ್ನುವುದರಲ್ಲಿ ಮನೆಯವರೆಲ್ಲರದೂ ಒಂದೇ ಮಾತು. ಯಾವ ನಾಯಿ ಅನ್ನುವಲ್ಲಿಗೆ ಎರಡು ಪಕ್ಷವಾಯಿತು. ನಮ್ಮೆಜಮಾನರು ಮುಧೋಳ. ಮಗಳು ಲ್ಯಾಬ್ರಡಾರ್. ಅತ್ತೆಯವರು ಪಕ್ಷೇತರ. ಇಬ್ಬರಿಂದಲೂ ಭಾಷಣ ಮಾಡಿಸಿಕೊಂಡು ಅವರೆಕಾಯಿ ಸುಲಿಯುತ್ತಾ ಕೂತರು.

ಯಜಮಾನರ ಭಾಷಣದಲ್ಲಿ ಅಭಿಮಾನ ತುಸು ಜಾಸ್ತಿ. "ಬಾಗಲಕೋಟೆ ಜಿಲ್ಲೆ ತಳಿ ಕಣಮ್ಮ! ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೇ ಉಡುಗೊರೆ ಕೊಟ್ಟಿದ್ರು. 2005ರಲ್ಲಿ ಅಂಚೆಚೀಟಿ ಮೇಲೆ ಬಂತು. 2016ರಲ್ಲಿ ಸೈನ್ಯದವರು ಮರಿಗಳನ್ನ ತರಬೇತಿಗೆ ಮೀರತ್‌ಗೆ ಕರ್ಕೊಂಡೋದ್ರು."

"ಸೈನ್ಯಕ್ಕೆ ಸೇರೋ ನಾಯಿ ಎಸ್.ಎಸ್. ಪುರಂಗೆ ಬಂದು ಏನ್ ಮಾಡುತ್ತೋ?" ಅಂದರು ಅತ್ತೆ.

ಪ್ರಶ್ನೆ ಸರಿಯಾಗೇ ಇತ್ತು. ತುಮಕೂರಿನ ಈ ಬಡಾವಣೆಯಲ್ಲಿ ನಮ್ಮದು ಮೂವತ್ತು-ನಲವತ್ತರ ಸೈಟು. ಮನೆ, ಸಂಪು, ಸ್ಕೂಟರು, ತೆಂಗಿನಮರ, ತುಳಸಿಕಟ್ಟೆ ಎಲ್ಲ ಕಳೆದು ಉಳಿದ ಜಾಗದಲ್ಲಿ ಮುಧೋಳ ನಾಯಿ ಉದ್ದಕ್ಕೆ ನಿಲ್ಲಬಹುದು, ಅಷ್ಟೇ. ತಿರುಗಬೇಕಾದರೆ ಗೇಟು ತೆಗೆಯಬೇಕು.

ನೋಡದೇ ಹೆಣ್ಣು ಒಪ್ಪುವ ಕಾಲ ಹೋಯಿತು ಅಂತ, ಒಂದು ಭಾನುವಾರ ಕೊರಟಗೆರೆ ಹತ್ತಿರ ಯಜಮಾನರ ಸ್ನೇಹಿತರ ತೋಟಕ್ಕೆ ಹೋದೆವು. ಅಲ್ಲಿತ್ತು ಮುಧೋಳ. ಉದ್ದ ಮೂತಿ, ಉದ್ದ ಕಾಲು, ಇದೆಯೋ ಇಲ್ಲವೋ ಅನ್ನುವಂಥ ಸೊಂಟ, ಎಣಿಸಬಹುದಾದ ಪಕ್ಕೆಲುಬು. ಅತ್ತೆ ಮರುಗಿದರು. "ಅಯ್ಯೋ ಪಾಪ, ಊಟ ಹಾಕಲ್ವೇನಪ್ಪ?" ತೋಟದವರ ಮುಖ ಸಪ್ಪಗಾಯಿತು. "ತಳಿಯೇ ಹಂಗಮ್ಮ, ದಪ್ಪ ಆದ್ರೇನೇ ಕಾಯಿಲೆ." ನಾಯಿ ಮಾತ್ರ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ತಲೆಗಳ ಮೇಲಿಂದ ದೂರ ಎಲ್ಲೋ ನೋಡುತ್ತಿತ್ತು. ಮುಟ್ಟಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿಯಿತು.

ಫೋಟೋಗೆ ಅಂತ ಯಜಮಾನರು ಚೈನು ಕೈಗೆ ತೆಗೆದುಕೊಂಡು ಎದೆ ಸೆಟೆಸಿ ನಿಂತರು. ಇದು ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ಅಡಿಕೆ ಸಾಲಿನ ಆ ತುದಿಯಲ್ಲಿ ಅದಕ್ಕೊಂದು ಮುಂಗುಸಿ ಕಂಡಿತು. ನಮಗೆ ಕಂಡದ್ದು ಯಜಮಾನರ ಬೆನ್ನು. ಚೈನು ಬಿಟ್ಟುಬಿಡಬೇಕು ಅಂತ ಅವರಿಗೆ ಹೊಳೆಯುವಷ್ಟರಲ್ಲಿ ಸಾಲು ಅರ್ಧ ಮುಗಿದಿತ್ತು. ಒಂದೇ ಚಪ್ಪಲಿಯಲ್ಲಿ ವಾಪಸು ಬಂದರು. ಫೋಟೋ ಮಾತ್ರ ಚೆನ್ನಾಗಿ ಬಂದಿದೆ.

ಮುಂದಿನ ವಾರ ಗುಬ್ಬಿಯಲ್ಲಿ ನಾದಿನಿ ಮನೆಯ ಲ್ಯಾಬ್ರಡಾರ್. ಗೇಟು ತೆಗೆಯುವ ಮೊದಲೇ ಬಾಲದಲ್ಲಿ ಕುಂಡವೊಂದನ್ನು ಉರುಳಿಸಿ, ಎಲ್ಲರ ಮುಖ ನೆಕ್ಕಿ, ಯಜಮಾನರ ಹೊಸ ಚಪ್ಪಲಿಯನ್ನು ಬಾಯಲ್ಲಿ ಹಿಡಿದು ಒಳಗೆ ಕರೆದೊಯ್ದಿತು. ನಮ್ಮ ದೀಪದ ಕಳ್ಳ ಇದರ ಕೈಗೆ ಸಿಕ್ಕಿದ್ದರೆ, ದೀಪವನ್ನು ತಾನೇ ಹೊತ್ತು ಅವನನ್ನು ಬಸ್‌ಸ್ಟ್ಯಾಂಡಿನವರೆಗೂ ಬಿಟ್ಟು ಬರುತ್ತಿತ್ತು. ಹೆಸರು ಲ್ಯಾಬ್ರಡಾರ್ ಆದರೂ ಇದರ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪವಂತೆ. ಮೀನುಗಾರರ ಜೊತೆ ತಣ್ಣೀರಿಗಿಳಿದು ಬಲೆ ಎಳೆಯುತ್ತಿದ್ದ ವಂಶ. ಅದಕ್ಕೇ ಮೈಮೇಲೆ ಎರಡು ಪದರ ಕೂದಲು. ಅಲ್ಲಿ ಬೇಕಿತ್ತು, ಸರಿ. ಗುಬ್ಬಿಯ ಏಪ್ರಿಲ್‌ನಲ್ಲಿ ಅದನ್ನು ಏನು ಮಾಡುವುದು? ಉದುರಿಸುವುದು.

ಊಟಕ್ಕೆ ಕೂತಾಗ ಎಲೆ ತುದಿಯ ಒಬ್ಬಟ್ಟು ಕಾಣೆಯಾಯಿತು. ನಾದಿನಿ ಗದರಿದರೆ ಅದು ಮೂರು ದಿನದಿಂದ ಉಪವಾಸ ಇದ್ದ ಮುಖ ಮಾಡಿತು. ಮಗಳು ವಕೀಲಳಾದಳು. "ಪಾಪ, ಅದರ ತಪ್ಪಲ್ಲಜ್ಜಿ. ಕೇಂಬ್ರಿಡ್ಜ್ ವಿಜ್ಞಾನಿಗಳು 2016ರಲ್ಲೇ ಕಂಡುಹಿಡಿದಿದಾರೆ. ಸುಮಾರು ನಾಲ್ಕು ಲ್ಯಾಬ್ರಡಾರ್‌ನಲ್ಲಿ ಒಂದಕ್ಕೆ ಹಸಿವಿನ ಜೀನೇ ಕೆಟ್ಟಿರುತ್ತಂತೆ." ಅತ್ತೆ ತಮ್ಮ ಮಗನ ಎಲೆ ಕಡೆ ನೋಡಿ, "ಆ ಜೀನು ಮನೇಲಿ ಆಗ್ಲೇ ಒಂದೈತೆ" ಅಂದರು.

ಮನೆಗೆ ಬಂದು ನೋಡಿದರೆ ಅತ್ತೆಯ ಸೀರೆ, ನನ್ನ ವ್ಯಾನಿಟಿ ಬ್ಯಾಗು, ನಾದಿನಿ ಕಟ್ಟಿಕೊಟ್ಟ ಕೋಸಂಬರಿ ಡಬ್ಬಿಯ ಮುಚ್ಚಳ, ಎಲ್ಲ ಕಡೆ ಬಂಗಾರದ ಬಣ್ಣದ ಕೂದಲು. ಅತ್ತೆಯ ಓಟು ಅಲ್ಲೇ ಖಾತ್ರಿಯಾಯಿತು. "ಮುಧೋಳಾನೇ ಸರಿ. ಕೂದ್ಲು ಗಿಡ್ಡ, ಯಾರ್ನೂ ಮುಟ್ಟಿಸ್ಕೊಳಲ್ಲ, ಮಡಿ ನಾಯಿ." ಈರುಳ್ಳಿ ನಾಯಿಗಳಿಗೆ ವಿಷ, ಸಾಂಬಾರು ಅನ್ನ ಹಾಕಬೇಡಿ ಅಂತ ಪಶುವೈದ್ಯರು ಹೇಳಿದ ಮೇಲಂತೂ ನಾಯಿ ಮೇಲೆ ಅತ್ತೆಯ ಗೌರವ ಇನ್ನೂ ಹೆಚ್ಚಿತು.

ಆಮೇಲೆ ಶುರುವಾಯಿತು ಪಕ್ಷಾಂತರ. ಲ್ಯಾಬ್ರಡಾರ್ ತಂದರೆ ದಿನಾ ಬಾಚುವುದು ಯಾರು ಅಂತ ನಾನು ಕೇಳಿದ್ದೇ ತಡ, ಮಗಳಿಗೆ ಮುಧೋಳದ ಮೇಲೆ ಪ್ರೀತಿ ಹುಟ್ಟಿತು. ಮುಧೋಳಕ್ಕೆ ದಿನಾ ಚೆನ್ನಾಗಿ ಓಡಾಟ ಬೇಕು, ಓಡಿಸುವುದು ಯಾರು ಅಂದೆ. ಯಜಮಾನರು ಗಂಟಲು ಸರಿಮಾಡಿಕೊಂಡು, "ಲ್ಯಾಬ್ರಡಾರೂ ಒಳ್ಳೇ ನಾಯೀನೇ" ಅಂದರು. ಅದಕ್ಕೂ ವಾಕಿಂಗ್ ಬೇಕು, ಇಲ್ಲದಿದ್ದರೆ ಉಬ್ಬಿ ಕೀಲುನೋವು ಬರುತ್ತದೆ. ಇದನ್ನು ನಾನು ಸ್ವಲ್ಪ ತಡವಾಗಿ ಹೇಳಿದೆ, ಬೇಕಂತಲೇ.

ನನ್ನನ್ನು ಕೇಳಿದರೆ, ಎಕರೆಗಟ್ಟಲೆ ಜಮೀನಿದ್ದವರು ಮುಧೋಳ ಸಾಕಬೇಕು. ಇಡೀ ದಿನ ಮನೆಯಲ್ಲಿ ಮಾತಾಡಿಸುವ ಜನ ಇದ್ದವರು ಲ್ಯಾಬ್ರಡಾರ್ ಸಾಕಬೇಕು. ನಮಗೆ ಜಮೀನಿಲ್ಲ, ಹಗಲಲ್ಲಿ ಮನೆಯಲ್ಲಿ ಅತ್ತೆ ಬಿಟ್ಟರೆ ಯಾರೂ ಇಲ್ಲ. ಅತ್ತೆ ನಾಯಿ ಜೊತೆ ಮಾತಾಡುವವರಲ್ಲ. ಸದ್ಯಕ್ಕೆ ನಮ್ಮ ಜೊತೆಯೂ ಇಲ್ಲ.

ಕೊನೆಗೆ ಅತ್ತೆಯೇ ಷರತ್ತು ಹಾಕಿದರು. ಒಂದು ತಿಂಗಳು ಬೆಳಗ್ಗೆ ಐದೂವರೆಗೆ ಎದ್ದು ನಾಯಿ ಇಲ್ಲದೇ ಯಾರು ನಡೀತಾರೋ, ಅವರು ಹೇಳಿದ ನಾಯಿ. ಯಜಮಾನರು ಎದ್ದರು. ಕೈಗೆ ಅಭ್ಯಾಸವಾಗಲಿ ಅಂತ ಮೊದಲೇ ತಂದಿಟ್ಟಿದ್ದ ಹೊಸ ಚೈನನ್ನೂ ಹಿಡಿದು ಅಮಾನಿಕೆರೆ ಕಡೆಗೆ ಹೊರಟರು.

ಹಾಲಿನವನು ಸೈಕಲ್ ನಿಲ್ಲಿಸಿದನಂತೆ. "ನಾಯಿ ತಪ್ಪಿಸ್ಕೊಳ್ತಾ ಸಾರ್?"

"ಇಲ್ಲಪ್ಪ, ಇನ್ನೂ ಬಂದಿಲ್ಲ."

"ಬತ್ತದೆ ಬಿಡಿ, ಎಲ್ಲೋಗ್ತದೆ. ಯಾವ ಜಾತೀದು?"

"ಅದೇ ಇನ್ನೂ ತೀರ್ಮಾನ ಆಗಿಲ್ಲ."

ಅವನು ಹಾಲಿನ ಜೊತೆ ಸುದ್ದಿಯನ್ನೂ ಮನೆಮನೆಗೆ ಹಾಕಿದ. ಏಳು ಗಂಟೆಗೆ ಹೂವಿನಮ್ಮ ಬಂದು ಅತ್ತೆಗೆ ಸಮಾಧಾನ ಹೇಳಿ ಹೋದಳು. ಎಂಟಕ್ಕೆ ಹಿಂದಿನ ಬೀದಿಯ ಹಿರಿಯರೊಬ್ಬರು ಗೇಟಿನ ಹೊರಗೆ, ಗೋಣಿದಾರದಲ್ಲಿ ಕಟ್ಟಿದ ಕಂದು ಬೀದಿನಾಯಿಯೊಂದನ್ನು ಎಳೆದುಕೊಂಡು ಏದುಸಿರು ಬಿಡುತ್ತಾ ನಿಂತಿದ್ದರು.

"ಇದೇ ಅಲ್ವೇನಮ್ಮ ನಿಮ್ದು?"

"ಅಲ್ಲ ತಾತ, ನಮ್ದು ಮುಧೋಳ" ಅಂದಳು ಮಗಳು.

ಬಚ್ಚಲಿಂದ ಯಜಮಾನರ ಕೂಗು. "ಲ್ಯಾಬ್ರಡಾರ್!"

ಹಿರಿಯರು ಅತ್ತೆಯ ಮುಖ ನೋಡಿದರು. "ಅಯ್ಯೋ, ಎರಡೂ ಕಳ್ಕೊಂಡ್ರಾ?"