ಆಟದ ಮಹತ್ವ: ಎಲ್ಲರೂ ಅಲ್ಲಾಡದೆ ಕೂತು ಕೇಳಿ

ಪುಟ್ಟ ಮಕ್ಕಳಿಗೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಎಲ್ಲವನ್ನೂ ಆಟದ ಮೂಲಕವೇ ಕಲಿಸಬೇಕು ಎಂಬ ವಿಷಯದಲ್ಲಿ ಈಗ ಯಾರಿಗೂ ತಕರಾರಿಲ್ಲ. ಈ ಸತ್ಯವನ್ನು ಶಿಶುವಿಹಾರದ ಟೀಚರುಗಳಿಗೆ ಮನದಟ್ಟು ಮಾಡಿಸುವ ತರಬೇತಿಯನ್ನು ಒಮ್ಮೆ ನೋಡಬೇಕು. ಬೆಳಿಗ್ಗೆ ಕೂತವರು ಸಂಜೆವರೆಗೆ ಕುರ್ಚಿ ಬಿಟ್ಟು ಏಳುವಂತಿಲ್ಲ. ಪರದೆಯ ಮೇಲೆ ಸ್ಲೈಡಿನ ಹಿಂದೆ ಸ್ಲೈಡು. "ಮಕ್ಕಳು ಕಲಿಯುವುದು ಕೇಳಿಸಿಕೊಂಡಲ್ಲ, ಕೈಯಾರೆ ಮಾಡಿ" ಎಂದು ಸಂಪನ್ಮೂಲ ವ್ಯಕ್ತಿಗಳು ಓದುತ್ತಾರೆ. ಟೀಚರುಗಳು ಕೇಳಿಸಿಕೊಂಡು ಬರೆದುಕೊಳ್ಳುತ್ತಾರೆ. ಹಿಂದಿನ ಸಾಲಿನಲ್ಲಿ ಯಾರೋ ಇಬ್ಬರು ಕಿಸಕ್ಕೆಂದರೆ ತಕ್ಷಣ ಗದರಿಕೆ: "ಇದನ್ನೇನು ಆಟ ಅಂದ್ಕೊಂಡ್ರಾ?"

ತರಬೇತಿಯ ಬೆನ್ನಿಗೇ ಕಿಟ್ಟು ಬರುತ್ತದೆ. ಮರದ ಬ್ಲಾಕು, ಇಳಿಜಾರು ಹಲಗೆ, ಭೂತಗನ್ನಡಿ, ಅಯಸ್ಕಾಂತ, ಪುಟ್ಟ ತಕ್ಕಡಿ. ಒಂದೊಂದೂ ಚೆನ್ನ, ಸುಳ್ಳು ಹೇಳಬಾರದು. ಜತೆಗೊಂದು ಸ್ಟಾಕ್ ರಿಜಿಸ್ಟರು. ಒಂದೇ ಒಂದು ಬ್ಲಾಕು ಕಾಣೆಯಾದರೂ ಲೆಕ್ಕ ಕೊಡಬೇಕಾದವರು ಟೀಚರು. ಹಾಗಾಗಿ ಕಿಟ್ಟು ಬೀರುವಿಗೆ, ಬೀಗದ ಕೈ ಮುಖ್ಯಸ್ಥರಿಗೆ. ತಪಾಸಣೆಯ ದಿನ ಅದನ್ನು ಹೊರತೆಗೆದು, ಒರೆಸಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಮಕ್ಕಳನ್ನು ಕೈ ಕಟ್ಟಿಸಿ ದೂರ ನಿಲ್ಲಿಸುತ್ತಾರೆ. ಎಣಿಸಿದಾಗ ಲೆಕ್ಕ ಸರಿಯಿದ್ದರೆ ಯೋಜನೆ ಶೇ. 100 ಅನುಷ್ಠಾನ. ಆಟದಿಂದ ಗಣಿತ ಬಂತೋ ಇಲ್ಲವೋ? ಬಂತು. ಎಣಿಸಿದವರು ಅಧಿಕಾರಿಗಳು, ಅಷ್ಟೆ.

ಇದರಲ್ಲಿ ಹೊಸದೇನಿದೆ ಎನ್ನುವವರೂ ಇದ್ದಾರೆ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲೇ ಬ್ಲಾಂಕೆನ್‌ಬರ್ಗ್‌ನಲ್ಲಿ ಪುಟಾಣಿಗಳ ಆಟಕ್ಕೆಂದು ಸಂಸ್ಥೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ಅವನು ಮಕ್ಕಳ ಕೈಗೆ ಕೊಟ್ಟದ್ದು ನೂಲಿನ ಚೆಂಡು, ಮರದ ಗೋಳ, ಘನ, ಸಿಲಿಂಡರು. ಆಮೇಲೆ ಎಂಟು ಚಿಕ್ಕ ಘನಗಳು ಕೂಡಿ ಒಂದು ದೊಡ್ಡ ಘನವಾಗುವ ಪೆಟ್ಟಿಗೆ. ಅದನ್ನು ಬಿಡಿಸಿ ಜೋಡಿಸುತ್ತ ಕೂತ ಮಗುವಿಗೆ ಅರ್ಧ, ಕಾಲು, ಅರೆಕಾಲು ಎಲ್ಲ ಬೆರಳಿಗೇ ಗೊತ್ತಾಗುತ್ತಿತ್ತು. 1851ರಲ್ಲಿ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ನಾಸ್ತಿಕತೆ, ಸಮಾಜವಾದ ಹಬ್ಬಿಸುತ್ತಾರೆಂಬ ಗುಮಾನಿ. ಫ್ರೋಬೆಲ್‌ನನ್ನೂ ಅವನ ಅಣ್ಣನ ಮಗ ಕಾರ್ಲ್‌ನನ್ನೂ ಒಬ್ಬರೇ ಎಂದು ಬಗೆದ ಗೊಂದಲವೂ ಅದಕ್ಕೆ ಸೇರಿಕೊಂಡಿತ್ತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ.

ಪ್ರಷ್ಯಾದವರಿಗೆ ಪಾಪ, ಆಡಳಿತದ ಅನುಭವ ಸಾಲದು. ಆಟ ನಿಲ್ಲಿಸಲು ನಿಷೇಧ ಯಾಕೆ ಬೇಕು? ಪ್ರೋತ್ಸಾಹಿಸಿದರೆ ಸಾಕು.

ಆ ಪ್ರೋತ್ಸಾಹ ಹೇಗಿರುತ್ತದೆ ನೋಡಿ. ಮಗುವೊಂದು ಹಲಗೆಯ ತುದಿಯನ್ನು ಎತ್ತರಿಸಿ ಚೆಂಡು ಉರುಳಿಸುತ್ತಿದೆ. ಇನ್ನಷ್ಟು ಎತ್ತರಿಸಿತು, ಚೆಂಡು ಇನ್ನೂ ದೂರ ಹೋಯಿತು. ಮತ್ತೆ ತಂದಿಟ್ಟು ಮತ್ತೆ ಉರುಳಿಸಿತು. ಈ ಹೊತ್ತಿಗೆ ಟೀಚರು ಮಾಡಬೇಕಾದ್ದು ಪಕ್ಕದಲ್ಲಿ ಕೂತು "ಈ ಸಲ ಎಲ್ಲಿವರೆಗೆ ಹೋಗುತ್ತೆ ಅಂತೀಯಾ?" ಎಂದು ಕೇಳಿ ಸುಮ್ಮನಿರುವುದು. ಆದರೆ ಸುಮ್ಮನಿರುವುದಕ್ಕೆ ಆ್ಯಪಿನಲ್ಲಿ ಕಾಲಂ ಇಲ್ಲ. ಕಲಿಕಾ ಫಲ ಯಾವುದೆಂದು ಆರಿಸಬೇಕು, ಫೋಟೋ ಏರಿಸಬೇಕು. "ಚೆಂಡು ಬಿಡಬೇಡ ಪುಟ್ಟಾ, ಹಾಗೇ ಹಿಡ್ಕೊಂಡು ಈ ಕಡೆ ನೋಡು." ಪುಟ್ಟ ನೋಡುತ್ತಾನೆ. ಸರ್ವರ್ ಸಿಗುತ್ತಿಲ್ಲ. ಪುಟ್ಟ ಇನ್ನೂ ಹಿಡಿದುಕೊಂಡೇ ಇದ್ದಾನೆ. ಪ್ರಯೋಗ ನಿಂತಿದೆ, ದಾಖಲೆ ಜಾರಿಯಲ್ಲಿದೆ.

ಗಿಡ್ಡ ಲೋಟದ ನೀರನ್ನು ಕಣ್ಣೆದುರೇ ಉದ್ದ ಲೋಟಕ್ಕೆ ಸುರಿದರೂ ಉದ್ದದ್ದರಲ್ಲೇ ನೀರು ಹೆಚ್ಚು ಎಂದು ನಾಲ್ಕೈದು ವರ್ಷದ ಮಗು ಹಟ ಹಿಡಿಯುವುದನ್ನು ಸ್ವಿಸ್ ಮನೋವಿಜ್ಞಾನಿ ಪಿಯಾಜೆ ತೋರಿಸಿಕೊಟ್ಟು ದಶಕಗಳೇ ಕಳೆದವು. ಆ ಮಗುವಿಗೆ ಬೇಕಾದದ್ದು ಲೋಟ, ನೀರು, ನೆಲ ಒದ್ದೆಯಾದರೂ ಬಯ್ಯದ ಮನುಷ್ಯರು ಮತ್ತು ಬೇಕಾದಷ್ಟು ಹೊತ್ತು. ವೇಳಾಪಟ್ಟಿಯಲ್ಲಿ ಇರುವುದು "11.10ರಿಂದ 11.25: ಮುಕ್ತ ಆಟ. ವಿಷಯ: ಗುರುತ್ವಾಕರ್ಷಣೆ." ಆ ಪದವನ್ನು ಮಗು ತೊದಲದೆ ಹೇಳಿಬಿಟ್ಟರೆ ಪೋಷಕರು ವಿಡಿಯೋ ಮಾಡಿ ಬಂಧುಬಳಗಕ್ಕೆಲ್ಲ ಹಂಚುತ್ತಾರೆ. ಚೆಂಡು ಉರುಳಿಸಿದೆ ಎಂದರೆ ಮಾತ್ರ ಮರುದಿನ ಬಾಗಿಲಲ್ಲೇ ದೂರು: "ಮಿಸ್, ಇಲ್ಲಿ ಬರೀ ಆಡಿಸ್ತೀರಂತೆ?"

ಇಷ್ಟೆಲ್ಲ ಬೆಂಬಲ ಕೊಟ್ಟ ಮೇಲೂ ಟೀಚರುಗಳಿಗೆ ಸಮಾಧಾನವಿಲ್ಲ. ಅವರು ಕೇಳುವುದಾದರೂ ಎಂಥ ಸಣ್ಣಪುಟ್ಟ ಸಂಗತಿ! ಒಬ್ಬರ ಪಾಲಿಗೆ ಇಷ್ಟೊಂದು ಮಕ್ಕಳನ್ನು ಒಪ್ಪಿಸಬೇಡಿ. ಒಡೆದ, ಕಳೆದ ಸಾಮಾನಿಗೆ ನಮ್ಮ ಸಂಬಳ ಮುರಿಯಬೇಡಿ. ತರಬೇತಿಯಲ್ಲಿ ನಾವೂ ಒಮ್ಮೆ ಗೋಪುರ ಕಟ್ಟಿ ಕೆಡವಿ ನೋಡುತ್ತೇವೆ. ಮಗು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ "ನಂಗೂ ಗೊತ್ತಿಲ್ಲ, ಮಾಡಿ ನೋಡೋಣ ಬಾ" ಎನ್ನಲು ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಪಳಗಿದವರೊಬ್ಬರು ಆಗಾಗ ತರಗತಿಗೇ ಬಂದು, ನೆಲದ ಮೇಲೆ ಮಕ್ಕಳ ನಡುವೆ ಕೂತು, ಎಲ್ಲಿ ಬಾಯಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಜತೆಗಿದ್ದು ತೋರಿಸಿಕೊಡಲಿ.

ಈ ಕೊನೆಯ ಬೇಡಿಕೆ ಕಡತವಾಗಿ ಮೇಲಕ್ಕೆ ಹೋಗಿ, ಎಲ್ಲ ಮೇಜು ಸುತ್ತಿ, ಆಕ್ಷೇಪಣೆಯೊಂದಿಗೆ ವಾಪಸ್ ಬಂದಿದೆ: ನೆಲದ ಮೇಲೆ ಕೂರುವ ಅಧಿಕಾರಿಗೆ ಯಾವ ದರ್ಜೆಯ ಕುರ್ಚಿ ಒದಗಿಸಬೇಕೆಂದು ಪ್ರಸ್ತಾವದಲ್ಲಿ ನಮೂದಿಸಿಲ್ಲ.